ಮನೆಯ ಉಪ್ಪುನೀರಿನ ಅಕ್ವೇರಿಯಂನ ಎಡವಟ್ಟುಗಳು: ಕಾರವಾರ, ಕುಮಟಾ, ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಪ್ಪುನೀರಿನ ಟ್ಯಾಂಕ್ ಇಟ್ಟುಕೊಂಡ ನಮ್ಮ ಜಿಲ್ಲೆಯ ಗೆಳೆಯರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಹೆಚ್ಚಿನವು ಏನಾದರೂ ಎಡವಟ್ಟಾದ ಮೇಲೆ, ರಾತ್ರಿ ಹತ್ತರ ನಂತರ, ಮಸುಕು ಫೋಟೋ ಸಮೇತ ಬಂದ ಪ್ರಶ್ನೆಗಳು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಮುದ್ರ ಪಕ್ಕದಲ್ಲೇ ಇದೆ ಅಂತ ನಮಗೆ ಈ ಕೆಲಸ ಸುಲಭವಾಗಿಲ್ಲ. ಸುಲಭ ಅಂತ ಅನ್ನಿಸುತ್ತದೆ ಅಷ್ಟೇ, ಅರ್ಧ ಎಡವಟ್ಟು ಶುರುವಾಗುವುದೇ ಅಲ್ಲಿಂದ. ಅವಸರ ಇದ್ದವರು ನೇರ ತಮ್ಮ ಪ್ರಶ್ನೆಗೆ ಹೋಗಿ.

ಸಮುದ್ರ ಮನೆಯಿಂದ ಹತ್ತು ನಿಮಿಷ. ಕ್ಯಾನಿನಲ್ಲಿ ನೀರು ತಂದು ಸುರಿದರೆ ಆಗಲ್ವಾ?

ಆಗುತ್ತದೆ. ಆದರೆ ಎಲ್ಲಿಯ ನೀರು, ಯಾವ ತಿಂಗಳ ನೀರು ಅನ್ನೋದು ಮುಖ್ಯ. ತೆರೆದ ಸಮುದ್ರದಲ್ಲಿ ಲೀಟರ್ ನೀರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಮ್ಮ ದಂಡೆಯಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲವೂ ಬಂದು ಸಮುದ್ರ ಸೇರುತ್ತವೆ. ಮಳೆಗಾಲದಲ್ಲಿ ಘಟ್ಟದ ನೀರೆಲ್ಲ ಕೆಳಗೆ ಬಂದು ದಂಡೆಯುದ್ದಕ್ಕೂ ಹರಡುತ್ತದೆ, ಟ್ಯಾಗೋರ್ ಕಡಲತೀರದಲ್ಲಿ ನಿಂತರೆ ನೀರು ಕೆಂಪಗಿರುವುದು ಕಣ್ಣಿಗೇ ಕಾಣುತ್ತದೆ. ಆ ನೀರಿನಲ್ಲಿ ಉಪ್ಪು ಕಡಿಮೆ, ಮಣ್ಣು ಜಾಸ್ತಿ, ತೋಟ ಗದ್ದೆಗಳಿಂದ ಕೊಚ್ಚಿ ಬಂದದ್ದು ಇನ್ನೂ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತರುವ ಯೋಚನೆಯೇ ಬೇಡ. ದೀಪಾವಳಿ ಕಳೆದ ಮೇಲೆ ಮೇ ಮೊದಲ ವಾರದವರೆಗೆ ತರಬಹುದು.

ತರುವುದಾದರೆ ನದಿ ಬಾಯಿಂದ ದೂರ, ಉಬ್ಬರ ತುಂಬಿದ ಹೊತ್ತಿನಲ್ಲಿ, ಅಲೆ ಮರಳು ಕದಡುವ ಜಾಗ ಬಿಟ್ಟು ತನ್ನಿ. ದೋಣಿಯವರ ಪರಿಚಯ ಇದ್ದರೆ ಆಚೆಯಿಂದ ತುಂಬಿಸಿಕೊಂಡು ಬರಲು ಹೇಳಿ, ಅದೇ ಒಳ್ಳೆಯದು. ಬೋಟು ನಿಲ್ಲುವ ಬಂದರಿನ ಹತ್ತಿರ ಬೇಡ, ಡೀಸೆಲ್ಲಿನ ಬಣ್ಣಬಣ್ಣದ ಪದರ ನೀವೇ ನೋಡಿರುತ್ತೀರಿ. ಕೆಲವು ಸಲ ರಾತ್ರಿ ಅಲೆ ನೀಲಿಯಾಗಿ ಹೊಳೆಯುತ್ತದಲ್ಲ, ಅದು ನಾಕ್ಟಿಲುಕಾ ಅನ್ನುವ ಸೂಕ್ಷ್ಮಜೀವಿ. ನೋಡಲು ಚೆಂದ, ಫೋಟೋ ತೆಗೆಯಿರಿ. ಆದರೆ ಅದು ತನ್ನೊಳಗೇ ಅಮೋನಿಯಾ ತುಂಬಿಕೊಂಡಿರುತ್ತದೆ, ಹಾಗಾಗಿ ಹೊಳೆಯುವ ದಿನಗಳಲ್ಲಿ ಕ್ಯಾನ್ ಮನೆಯಲ್ಲೇ ಇರಲಿ.

ತಂದ ನೀರನ್ನು ಅದೇ ದಿನ ಟ್ಯಾಂಕಿಗೆ ಸುರಿಯುವುದು ಇನ್ನೊಂದು ಎಡವಟ್ಟು. ಅದರಲ್ಲಿ ತೇಲುವ ಸೂಕ್ಷ್ಮಜೀವಿಗಳ ರಾಶಿ, ಅಂದರೆ ಪ್ಲಾಂಕ್ಟನ್, ಒಂದೆರಡು ದಿನದಲ್ಲಿ ಸತ್ತು ಕೊಳೆಯುತ್ತದೆ, ಅಮೋನಿಯಾ ಏರುತ್ತದೆ. ದಪ್ಪ ಬಟ್ಟೆಯಲ್ಲಿ ಸೋಸಿ, ಮುಚ್ಚಳ ಇರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಬೆಳಕು ಬೀಳದ ಕಡೆ ಎರಡು ಮೂರು ವಾರ ಇಡಿ. ಮೇಲಿನ ತಿಳಿ ನೀರನ್ನಷ್ಟೇ ತೆಗೆಯಿರಿ, ಒಂದು ದಿನ ಗಾಳಿ ಬಿಡಿ, ಉಪ್ಪು ಮತ್ತು ಅಮೋನಿಯಾ ಅಳೆದು ನೋಡಿ ಹಾಕಿ. ಇಷ್ಟೆಲ್ಲ ಯಾರು ಮಾಡ್ತಾರೆ ಅಂತ ಅನ್ನಿಸಿದರೆ ಅಕ್ವೇರಿಯಂ ಉಪ್ಪಿನ ಪುಡಿ ಕೊಂಡು ಕಲಸಿಕೊಳ್ಳಿ. ಕಾರವಾರದಲ್ಲೇ ಇದ್ದುಕೊಂಡು ಉಪ್ಪಿಗೆ ದುಡ್ಡು ಕೊಡುವುದು ಅವಮಾನ ಅಂತ ಕೆಲವರಿಗೆ ಅನ್ನಿಸುತ್ತದೆ. ನನಗೆ ಹಾಗೇನೂ ಅನ್ನಿಸುವುದಿಲ್ಲ.

ಹಾಗಾದರೆ ಸಾಣಿಕಟ್ಟಾ ಉಪ್ಪು ಹಾಕೋಣ್ವಾ? ಅದೂ ಸಮುದ್ರದ್ದೇ ತಾನೇ?

ಅಪ್ಪೆಮಿಡಿ ಉಪ್ಪಿನಕಾಯಿಗೆ ಅದೇ ಬೇಕು, ಟ್ಯಾಂಕಿಗೆ ಬೇಡ. ಉಪ್ಪಿನ ಆಗರದಲ್ಲಿ ಸಮುದ್ರದ ನೀರು ಬತ್ತುತ್ತಾ ಬಂದ ಹಾಗೆ ಮೊದಲು ಸುಣ್ಣದ ಅಂಶ ಮತ್ತು ಜಿಪ್ಸಂ ತಳಕ್ಕೆ ಕೂರುತ್ತದೆ. ಆಮೇಲೆ ಉಪ್ಪಿನ ಹರಳು ಕಟ್ಟುತ್ತದೆ. ಮೆಗ್ನೀಷಿಯಂ ಇರುವ ಕಹಿ ನೀರು ಕೊನೆಗೆ ಉಳಿಯುತ್ತದೆ, ಅದನ್ನು ಹೊರಗೆ ಬಿಡುತ್ತಾರೆ. ಅಂದರೆ ನಮ್ಮ ಕೈಗೆ ಬರುವುದು ಹೆಚ್ಚುಕಡಿಮೆ ಬರೀ ಸೋಡಿಯಂ ಕ್ಲೋರೈಡ್. ಸಮುದ್ರದ 35 ಗ್ರಾಂ ಉಪ್ಪಿನಲ್ಲಿ ಅದರ ಪಾಲು ಸುಮಾರು 27 ಗ್ರಾಂ. ಉಳಿದ 8 ಗ್ರಾಂನಲ್ಲಿ ಮೆಗ್ನೀಷಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್ ಎಲ್ಲ ಇರುತ್ತವೆ. ಕಿಲೋ ನೀರಿಗೆ ಮೆಗ್ನೀಷಿಯಂ ಸುಮಾರು 1,280 ಮಿಲಿಗ್ರಾಂ, ಕ್ಯಾಲ್ಸಿಯಂ ಸುಮಾರು 410 ಮಿಲಿಗ್ರಾಂ. ಚಿಪ್ಪು, ಎಲುಬು ಬೆಳೆಯುವುದು, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಒಂದೇ ಕಡೆ ನಿಲ್ಲುವುದು ಎಲ್ಲ ಇವುಗಳಿಂದಲೇ.

ಬರೀ ಉಪ್ಪಿನಲ್ಲೂ ಅಳತೆ 35 ತೋರಿಸುತ್ತದೆ, ಅಲ್ಲೇ ಮೋಸ ಆಗುವುದು. ಮೀಟರಿಗೆ ಯಾವ ಉಪ್ಪು ಅಂತ ಗೊತ್ತಾಗುವುದಿಲ್ಲ. ಅಡುಗೆಯ ಪ್ಯಾಕೆಟ್ ಉಪ್ಪು ಅಂತೂ ಬೇಡವೇ ಬೇಡ, ಅದರಲ್ಲಿ ಗಂಟು ಕಟ್ಟದ ಹಾಗೆ ಇನ್ನೇನೋ ಸೇರಿಸಿರುತ್ತಾರೆ.

ಪುಡಿ ಕಲಸುವಾಗ ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ, ಕ್ಯಾಲ್ಸಿಯಂ ಬಿಳಿ ಹಿಟ್ಟಾಗಿ ತಳ ಹಿಡಿಯುತ್ತದೆ. ಮೀನಿರುವ ಟ್ಯಾಂಕಿಗೆ ನೇರ ಪುಡಿ ಉದುರಿಸುವವರೂ ಇದ್ದಾರೆ. ದಯವಿಟ್ಟು ಬೇಡ.

ಟ್ಯಾಂಕ್ ಇಟ್ಟ ಮರುದಿನವೇ ಮೀನು ಬಿಟ್ವಿ. ವಾರದೊಳಗೆ ಎಲ್ಲ ಹೋದವು. ನೀರು ಕನ್ನಡಿ ಹಾಗೆ ಸ್ವಚ್ಛ ಇತ್ತಲ್ಲ?

ಸ್ವಚ್ಛ ಕಾಣುವುದಕ್ಕೂ ಮೀನು ಬದುಕುವುದಕ್ಕೂ ಸಂಬಂಧ ಕಡಿಮೆ. ಮೀನಿನ ಕಿವಿರಿನಿಂದ, ಉಳಿದ ಆಹಾರದಿಂದ ಅಮೋನಿಯಾ ಬರುತ್ತದೆ. ಅದನ್ನು ಒಂದು ಗುಂಪಿನ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೇಟ್ ಮಾಡುತ್ತದೆ. ಈ ಎರಡೂ ಕಲ್ಲು, ಮರಳು, ಫಿಲ್ಟರಿನಲ್ಲಿ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಉಪ್ಪುನೀರಿನ ಪಿಎಚ್ 8.1ರಿಂದ 8.4 ಇರುವುದರಿಂದ ಅದೇ ಅಮೋನಿಯಾ ಸಿಹಿನೀರಿಗಿಂತ ಇಲ್ಲಿ ಹೆಚ್ಚು ವಿಷ. ಆ ಆರು ವಾರ ಖಾಲಿ ಟ್ಯಾಂಕಿಗೆ ಒಂದು ಹಸಿ ಸಿಗಡಿ ತುಂಡು ಹಾಕಿ ಕೊಳೆಯಲು ಬಿಡಿ, ಅಮೋನಿಯಾ ಏರಿ ಇಳಿದು, ನೈಟ್ರೈಟೂ ಏರಿ ಇಳಿದು, ಎರಡೂ ಸೊನ್ನೆ ಆದ ಮೇಲೆ ಮೀನಿನ ಮಾತು. ಮನೆಯವರು "ಇದೇನು, ನೀರು ಸಾಕ್ತಾ ಇದ್ದೀಯಾ?" ಅಂತ ಕೇಳುತ್ತಾರೆ. ಹೌದು ಅನ್ನಿ.

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಮೀನು ತರಿಸಿದ್ವಿ. ನಿಧಾನ ಹೊಂದಿಸಬೇಕು ಅಂತ ಎರಡು ತಾಸು ಹನಿ ಹನಿ ನೀರು ಬಿಟ್ವಿ, ಆದರೂ ಸತ್ತವು.

ಆ ಎರಡು ತಾಸೇ ಕೊಂದಿರಬಹುದು. ಚೀಲದೊಳಗೆ ರಾತ್ರಿಯಿಡೀ ಮೀನು ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಪಿಎಚ್ ಇಳಿದಿರುತ್ತದೆ. ಇಳಿದಾಗ ಅಲ್ಲಿರುವ ಅಮೋನಿಯಾ ಅಷ್ಟು ವಿಷ ಇರುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಆ ಗಾಳಿ ಹೊರಗೆ ಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಮೀನು ಅದರಲ್ಲೇ ಕೂತಿರುತ್ತದೆ, ನಾವು ಹನಿ ಬಿಡುತ್ತಾ ಕೂತಿರುತ್ತೇವೆ.

ಮಾರುವವರಿಗೆ ಮೊದಲೇ ಫೋನ್ ಮಾಡಿ ಅವರ ನೀರಿನ ಉಪ್ಪು ಎಷ್ಟು ಅಂತ ಕೇಳಿ. ಬೇರೆ ಚಿಕ್ಕ ಟ್ಯಾಂಕಿನಲ್ಲಿ ಅದೇ ಅಳತೆಯ ನೀರು ತಯಾರಿಟ್ಟುಕೊಳ್ಳಿ. ಚೀಲ ಬಂದ ಮೇಲೆ ಬಿಚ್ಚದೆ 15–20 ನಿಮಿಷ ತೇಲಿಸಿ, ಬಿಸಿ ಸಮ ಆಗಲಿ. ಆಮೇಲೆ ಬಿಚ್ಚಿ, ಮೀನು ಮಾತ್ರ ಆ ಕಡೆ, ಚೀಲದ ನೀರು ಬಚ್ಚಲಿಗೆ.

ನೀರು ಕಡಿಮೆ ಆದಾಗಲೆಲ್ಲ ಉಪ್ಪುನೀರೇ ತುಂಬಿಸ್ತಾ ಇದ್ವಿ. ತಪ್ಪಾ?

ತಪ್ಪು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. 200 ಲೀಟರ್ ಟ್ಯಾಂಕಿನಲ್ಲಿ 20 ಲೀಟರ್ ಆರಿದ ಜಾಗಕ್ಕೆ 20 ಲೀಟರ್ ಉಪ್ಪುನೀರು ಹಾಕಿದರೆ 700 ಗ್ರಾಂ ಉಪ್ಪು ಹೆಚ್ಚಿಗೆ ಸೇರಿತು, 35 ಇದ್ದದ್ದು 38.5 ಆಯಿತು. ಇನ್ನೊಂದು ಸಲ ಹಾಗೇ ಮಾಡಿದರೆ 42. ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆಯಿರಿ, ದಿನಾ ಆ ಗೆರೆವರೆಗೆ ಸಿಹಿನೀರು ಹಾಕಿ. ಈಗಾಗಲೇ ಏರಿಬಿಟ್ಟಿದ್ದರೆ ಒಂದೇ ದಿನ ಇಳಿಸಬೇಡಿ, ದಿನಕ್ಕೆ ಒಂದು ಅಂಕದಷ್ಟು ಇಳಿಸಿ ಸಾಕು. ಅಂದಹಾಗೆ ಉಪ್ಪು ಅಳೆಯುವ, ತೇಲುವ ಮುಳ್ಳಿನ ಹೈಡ್ರೋಮೀಟರ್‌ಗೆ ಒಂದು ಗುಳ್ಳೆ ಅಂಟಿದರೂ ಅಳತೆ ಜಾಸ್ತಿ ತೋರಿಸುತ್ತದೆ. ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಕೊಳ್ಳಿ, ಅದನ್ನೂ 35ರ ದ್ರಾವಣ ಹಾಕಿ ಆಗಾಗ ಸರಿ ಮಾಡಿಕೊಳ್ಳಿ.

ಯಾವ ಸಿಹಿನೀರು? ಬಾವಿ ನೀರು ನಾವೇ ಕುಡೀತೇವಲ್ಲ?

ನಾವು ಕುಡಿಯುವುದು ಬೇರೆ. ದಂಡೆಯ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಬರುತ್ತದೆ, ಚಿರೆಕಲ್ಲಿನ ನೆಲದ ಬಾವಿಯಲ್ಲಿ ಕಬ್ಬಿಣ ಇರುತ್ತದೆ. ನಲ್ಲಿ ನೀರಿನಲ್ಲಿ ಕ್ಲೋರಿನ್. ಆರ್‌ಓ ನೀರೇ ಒಳ್ಳೆಯದು, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಸೊನ್ನೆಗೆ ಹತ್ತಿರ ಇರಲಿ. ಶಿರಸಿ, ಸಿದ್ದಾಪುರದವರು ಮಳೆನೀರು ಕೇಳುತ್ತಾರೆ. ಮಳೆ ಹಿಡಿದು ಒಂದೆರಡು ವಾರ ಆದ ಮೇಲೆ ಬಯಲಿಗೆ ಪ್ಲಾಸ್ಟಿಕ್ ಟಬ್ ಇಟ್ಟು ಹಿಡಿದು, ಇದ್ದಿಲ ಫಿಲ್ಟರ್ ಮಾಡಿದ ನೀರು ಪರವಾಗಿಲ್ಲ. ಪಾಚಿ ಕಟ್ಟಿದ ಹಂಚಿನಿಂದ ಇಳಿದದ್ದು ಬೇಡ. ತಗಡಿನ ಮಾಡಿನಿಂದ ಇಳಿದದ್ದು ಅದಕ್ಕಿಂತ ಬೇಡ, ಅದರಲ್ಲಿ ಸತು ಇರುತ್ತದೆ.

ಮೀನೆಲ್ಲ ಆರಾಮ ಇವೆ, ಆದರೆ ಸಿಗಡಿ, ಸನ್ಯಾಸಿ ಏಡಿ, ಬಸವನಹುಳು ಮಾತ್ರ ಒಂದೇ ರಾತ್ರಿ ಸತ್ತುಹೋದವು. ಯಾಕೆ?

ಈ ಪ್ರಶ್ನೆ ಬಂದರೆ ನಾನು ಟ್ಯಾಂಕಿನ ಫೋಟೋ ಕೇಳುವುದಿಲ್ಲ, ಅಡುಗೆಮನೆಯ ಫೋಟೋ ಕೇಳುತ್ತೇನೆ. ಬೆನ್ನೆಲುಬಿಲ್ಲದ ಪ್ರಾಣಿ ಮಾತ್ರ ಸತ್ತರೆ ಮೊದಲ ಅನುಮಾನ ತಾಮ್ರದ ಮೇಲೆ. ತಾಮ್ರದ ಹಂಡೆಯಲ್ಲಿ ತುಂಬಿಟ್ಟ ನೀರು, ಹಿತ್ತಾಳೆ ಕೊಡದಲ್ಲಿ ಹೊತ್ತು ತಂದ ನೀರು, ತಾಮ್ರದ ಚೊಂಬಿನಲ್ಲಿ ಮೊಗೆದು ಹಾಕಿದ ನೀರು. ನಮಗೆ ಒಳ್ಳೆಯದು ಅಂತ ಕುಡಿಯುತ್ತೇವೆ, ಸಿಗಡಿಗೆ ಅದೇ ವಿಷ.

ಘಟ್ಟದ ಮೇಲಿನವರ ಕಥೆ ಇನ್ನೊಂದು. ಅಡಿಕೆ ತೋಟಕ್ಕೆ ಕೊಳೆ ರೋಗ ಬರದಂತೆ ಬೋರ್ಡೋ ಹೊಡೆಯುತ್ತೇವಲ್ಲ, ಅದು ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟೇ. ಶಿರಸಿ ಹತ್ತಿರದ ಒಂದು ಮನೆಯಲ್ಲಿ ಬೋರ್ಡೋ ಕಲಸಿದ ಡ್ರಮ್ಮನ್ನೇ ಚೆನ್ನಾಗಿ ತೊಳೆದು ಅಂತ ಹೇಳಿ ನೀರು ತುಂಬಿಡಲು ಬಳಸಿದ್ದರು. ಹೊರಗಿನಿಂದ ನೋಡಿದರೆ ಲಕಲಕ. ಒಳಗೆ ಬ್ಯಾಟರಿ ಬಿಟ್ಟು ನೋಡಿದರೆ ತಳದ ಅಂಚಿನ ಸಂದಿಯಲ್ಲಿ, ಉಗುರಿನಿಂದ ಕೆರೆದರೆ ಬರುವ ಹಾಗೆ, ತೆಳು ನೀಲಿ ಗೆರೆ. ಅಷ್ಟೇ ಸಾಕು. ತೋಟದ ಡ್ರಮ್, ತೋಟದ ಪೈಪು, ತೋಟದ ಬಕೆಟ್ ಯಾವುದೂ ಟ್ಯಾಂಕಿನ ಹತ್ತಿರ ಬರಬಾರದು. ಔಷಧ ಹೊಡೆದ ದಿನ ಕೈ ಎಷ್ಟೇ ತೊಳೆದಿದ್ದರೂ ನೀರಿಗೆ ಹಾಕಬೇಡಿ.

ಎರಡನೇ ಅನುಮಾನ ಸೊಳ್ಳೆ. ಸೊಳ್ಳೆ ಬತ್ತಿ, ಗೋಡೆಗೆ ಚುಚ್ಚುವ ಲಿಕ್ವಿಡ್, ಜಿರಳೆ ಸ್ಪ್ರೇ ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರಿಥ್ರಾಯ್ಡ್ ಜಾತಿಯ ಕೀಟನಾಶಕ. ಸಿಗಡಿ, ಏಡಿ ಎರಡೂ ಕೀಟಗಳ ದೂರದ ನೆಂಟರೇ. ಮೀನಿಗೂ ಇದು ಒಳ್ಳೆಯದಲ್ಲ. ಗಾಳಿ ಪಂಪು ಕೋಣೆಯ ಗಾಳಿಯನ್ನು ಎಳೆದು ನೇರ ನೀರಿಗೆ ಊದುತ್ತದೆ, ರಾತ್ರಿಯಿಡೀ. ಮಳೆಗಾಲದಲ್ಲಿ ಸೊಳ್ಳೆ ಇಲ್ಲದೆ ನಮ್ಮಲ್ಲಿ ಆಗುತ್ತದಾ, ಆಗಲ್ಲ. ಟ್ಯಾಂಕ್ ಇರುವ ಕೋಣೆಗೆ ಸೊಳ್ಳೆ ಪರದೆ ಕಟ್ಟಿಕೊಳ್ಳಿ.

ಆಗಿಹೋಗಿದ್ದರೆ: ಕಾಲು ಭಾಗ ನೀರು ಬದಲಿಸಿ, ಹೊಸ ಇದ್ದಿಲು ಹಾಕಿ. ತಾಮ್ರ ಆದರೆ ಅದನ್ನು ಹೀರುವ ಬೇರೆ ಪ್ಯಾಡ್ ಸಿಗುತ್ತದೆ. ತಾಮ್ರ ಕಲ್ಲಿಗೂ ಮರಳಿಗೂ ಅಂಟಿ ಆಮೇಲೆ ನಿಧಾನ ಬಿಡುತ್ತದೆ, ಹಾಗಾಗಿ ಟೆಸ್ಟ್ ಮಾಡದೆ ಹೊಸ ಸಿಗಡಿ ತರಬೇಡಿ.

ಮಳೆಗಾಲದಲ್ಲಿ ಕರೆಂಟ್ ಹೋದರೆ ಬರೋದು ಮರುದಿನವೇ. ಏನು ಮಾಡೋದು?

ಮೊದಲು ಹೋಗುವುದು ಆಮ್ಲಜನಕ. 30 ಡಿಗ್ರಿಯ ಸಮುದ್ರದ ನೀರು ಲೀಟರಿಗೆ ಸುಮಾರು 6 ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಹಿಡಿದುಕೊಳ್ಳುತ್ತದೆ, ಸಿಹಿನೀರಿಗಿಂತ ಕಡಿಮೆ. ನೀರು ಅಲುಗುವುದು ನಿಂತರೆ, ಮೀನು ಜಾಸ್ತಿ ಇದ್ದರೆ, ಕೆಲವೇ ತಾಸಿನಲ್ಲಿ ಎಲ್ಲ ಮೇಲೆ ಬಂದು ಬಾಯಿ ಬಿಡುತ್ತವೆ.

ಬ್ಯಾಟರಿಯ ಗಾಳಿ ಪಂಪ್ ಒಂದು ಇಟ್ಟುಕೊಳ್ಳಿ, ಹೆಚ್ಚು ಬೆಲೆಯೇನಿಲ್ಲ. ಮನೆಗೆ ಇನ್ವರ್ಟರ್ ಇದ್ದರೆ ಅದಕ್ಕೆ ನೀರು ಅಲುಗಿಸುವ ಸಣ್ಣ ಪಂಪನ್ನು ಮಾತ್ರ ಸಿಕ್ಕಿಸಿ. ಹೀಟರ್, ಲೈಟ್, ನೀರು ತಣ್ಣಗಾಗಿಸುವ ಚಿಲ್ಲರ್ ಸಿಕ್ಕಿಸಿದರೆ ಬ್ಯಾಟರಿ ರಾತ್ರಿ ದಾಟುವುದಿಲ್ಲ. ಏನೂ ಇಲ್ಲದಿದ್ದರೆ ಮಗ್ಗಿನಲ್ಲಿ ನೀರು ಎತ್ತಿ ಎತ್ತಿ ಮೇಲಿಂದ ಸುರಿಯಿರಿ, ಮಕ್ಕಳಿಗೆ ಪಾಳಿ ಹಾಕಿಕೊಡಿ. ಕರೆಂಟ್ ಬರುವವರೆಗೆ ಆಹಾರ ಬೇಡ.

ಮುಚ್ಚಿದ ಡಬ್ಬಿಯ ಫಿಲ್ಟರ್ ಇದ್ದವರು ಇನ್ನೊಂದು ನೋಡಿಕೊಳ್ಳಿ. ತಾಸುಗಟ್ಟಲೆ ನಿಂತ ಫಿಲ್ಟರಿನೊಳಗೆ ಗಾಳಿಯಿಲ್ಲದೆ ಬ್ಯಾಕ್ಟೀರಿಯಾ ಸತ್ತು ಗಬ್ಬೆದ್ದಿರುತ್ತದೆ. ಕರೆಂಟ್ ಬಂದ ತಕ್ಷಣ ತನ್ನಷ್ಟಕ್ಕೆ ಶುರುವಾಗಿ ಆ ಕೊಳೆತ ನೀರನ್ನೆಲ್ಲ ಮೀನಿನ ಮೇಲೆ ಬಿಡುತ್ತದೆ. ಕರೆಂಟ್ ಹೋದಾಗಲೇ ಅದರ ಪ್ಲಗ್ ಕಿತ್ತಿಡಿ, ಒಳಗಿನ ನೀರು ಚೆಲ್ಲಿ, ತೊಳೆದು ಆಮೇಲೆ ಹಾಕಿ.

ಕರೆಂಟ್ ಹೋದಾಗಲೇ ಕೆಳಗಿನ ಸಂಪ್ (ಟ್ಯಾಂಕಿನ ಕೆಳಗಿಡುವ ಫಿಲ್ಟರ್ ತೊಟ್ಟಿ) ಉಕ್ಕಿ ಹಾಲ್ ಪೂರ್ತಿ ಉಪ್ಪುನೀರು. ಪಂಪ್ ನಿಂತ ಮೇಲೆ ನೀರು ಎಲ್ಲಿಂದ ಬಂತು?

ಮೇಲಿನ ಟ್ಯಾಂಕಿನಿಂದ. ಪಂಪ್ ನಿಂತರೆ, ನೀರು ಮೇಲೆ ಕಳಿಸುವ ಪೈಪೇ ಉಲ್ಟಾ ಎಳೆಯಲು ಶುರು ಮಾಡುತ್ತದೆ. ಪೈಪಿನ ಬಾಯಿ ಎಷ್ಟು ಆಳ ಮುಳುಗಿದೆಯೋ ಅಷ್ಟು ನೀರೂ ಕೆಳಗೆ. ಬಾಯಿ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗಿರಲಿ, ಮಟ್ಟದ ಸಮಕ್ಕೆ ಪೈಪಿಗೆ ಒಂದು ಸಣ್ಣ ತೂತು ಕೊರೆಯಿರಿ. ಗಾಳಿ ಎಳೆದು ಹರಿವು ನಿಲ್ಲುತ್ತದೆ. ಆ ತೂತನ್ನು ಬಸವನಹುಳು, ಪಾಚಿ, ಉಪ್ಪು ಮುಚ್ಚುತ್ತವೆ, ತಿಂಗಳಿಗೊಮ್ಮೆ ಕಡ್ಡಿ ಹಾಕಿ. ಹಿಂದೆ ಬರದಂತೆ ತಡೆಯುವ ವಾಲ್ವ್ ಒಂದನ್ನೇ ನಂಬಬೇಡಿ, ಉಪ್ಪು ಕಟ್ಟಿದರೆ ಅದು ಅರ್ಧ ತೆರೆದೇ ಇರುತ್ತದೆ. ಹೊಸದಾಗಿ ಜೋಡಿಸಿದವರು ಹಗಲು ಹೊತ್ತಿನಲ್ಲಿ ಬೇಕಂತಲೇ ಸ್ವಿಚ್ ಆಫ್ ಮಾಡಿ, ಪಕ್ಕದಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತು ನೋಡಿ.

ನೀರಿಗೆ ಕೈ ಹಾಕಿದರೆ ಜುಮ್ ಅನ್ನುತ್ತೆ.

ಈಗಲೇ ಕೈ ತೆಗೆಯಿರಿ, ಮೇನ್ ಆಫ್ ಮಾಡಿ, ಆಮೇಲೆ ಮುಂದೆ ಓದಿ. ಉಪ್ಪುನೀರು ಕರೆಂಟನ್ನು ಸಿಹಿನೀರಿಗಿಂತ ಎಷ್ಟೋ ಚೆನ್ನಾಗಿ ಹಾಯಿಸುತ್ತದೆ. ಸಾಮಾನ್ಯವಾಗಿ ಬಿರುಕು ಬಿಟ್ಟ ಹೀಟರ್ ಅಥವಾ ಹಳೆ ಪಂಪ್. ನೀರು ಬದಲಿಸುವಾಗ ಹೀಟರ್ ಆಫ್ ಮಾಡಲು ಮರೆತರೆ ಗಾಜು ಗಾಳಿಗೆ ಬಂದು ಕಾದು, ಮತ್ತೆ ನೀರು ಬಿದ್ದಾಗ ಸೀಳುತ್ತದೆ. ವೈರಿನ ಮೇಲೆ ಹತ್ತುವ ಬಿಳಿ ಉಪ್ಪಿನ ಹುಡಿ ಪ್ಲಗ್ಗಿನವರೆಗೂ ಹೋಗುತ್ತದೆ, ನಮ್ಮ ಕರಾವಳಿಯ ತೇವದಲ್ಲಿ ಅದು ಯಾವಾಗಲೂ ಒದ್ದೆಯೇ. ವಾರಕ್ಕೊಮ್ಮೆ ಒರೆಸಿ. ವೈರು ಪ್ಲಗ್ಗಿಗಿಂತ ಕೆಳಗೆ ಇಳಿದು ಆಮೇಲೆ ಮೇಲೇರಲಿ, ಹನಿ ಅಲ್ಲೇ ಉದುರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ. ಮೀನಿಗಿಂತ ಮೊದಲು ಇದಕ್ಕೆ ಖರ್ಚು ಮಾಡಿ.

ಏಪ್ರಿಲ್–ಮೇನಲ್ಲಿ ನೀರು 32 ಡಿಗ್ರಿ ದಾಟುತ್ತೆ. ಐಸ್ ಹಾಕಬಹುದಾ?

ಐಸನ್ನು ನೇರ ಹಾಕಬೇಡಿ, ಕರಗಿ ಉಪ್ಪು ಇಳಿಯುತ್ತದೆ, ಬಿಸಿಯೂ ಒಮ್ಮೆಲೇ ಇಳಿಯುತ್ತದೆ. ನೀರು ಹೆಪ್ಪುಗಟ್ಟಿಸಿದ ಬಾಟಲಿ ತೇಲಿಸುವುದು ತುರ್ತಿಗೆ ಸರಿ. ದಿನದ ಉಪಾಯ ಅಂದರೆ ಮುಚ್ಚಳ ತೆಗೆದು ಬಲೆ ಹಾಕಿ, ನೀರಿನ ಮೇಲೆ ಓರೆಯಾಗಿ ಸಣ್ಣ ಫ್ಯಾನ್ ಇಡುವುದು. ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ದಂಡೆಯ ಮೇಲೆ ಗಾಳಿಯೇ ಒದ್ದೆ, ಮಳೆ ಬರುವ ಮುಂಚಿನ ಆ ಬೆವರಿನ ದಿನಗಳಲ್ಲಿ ಫ್ಯಾನಿನಿಂದ ಅಷ್ಟು ಉಪಯೋಗ ಆಗುವುದಿಲ್ಲ. ಮೀನಷ್ಟೇ ಇದ್ದರೆ 28–29ರಲ್ಲಿ ನಡೆಯುತ್ತದೆ. ಅದಕ್ಕಿಂತ ಸೂಕ್ಷ್ಮದ್ದು ಸಾಕಬೇಕಂದರೆ ಚಿಲ್ಲರ್ ಬೇಕೇ ಬೇಕು. ದುಬಾರಿ, ಗೊತ್ತು.

ಶಿರಸಿಯವರಿಗೆ ತಲೆನೋವು ಉಲ್ಟಾ. ಜುಲೈನ ಚಳಿ ಮಳೆಯಲ್ಲಿ, ಡಿಸೆಂಬರಿನ ಬೆಳಗಿನಲ್ಲಿ ನೀರು ತಣ್ಣಗಾಗುತ್ತದೆ, ಹೀಟರ್ ಇಟ್ಟುಕೊಳ್ಳಿ. ಇನ್ನೊಂದು, ಹಳೆ ಮನೆಯ ಮರದ ಮೆತ್ತಿನ ಮೇಲೆ ಟ್ಯಾಂಕ್ ಇಡಬೇಡಿ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿಗೆ ಸುಮಾರು 190 ಲೀಟರ್ ಹಿಡಿಯುತ್ತದೆ. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿ ಎರಡೂವರೆ ಕ್ವಿಂಟಲ್ ದಾಟುತ್ತದೆ.

ಮೀನಿನ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ. ನಾಲ್ಕು ದಿನಕ್ಕೆ ತಾನೇ ಹೋಯಿತು. ಗುಣ ಆಯ್ತಾ?

ಇಲ್ಲ, ಅದೇ ಕೆಟ್ಟ ಸುದ್ದಿ. ಇದು ಕ್ರಿಪ್ಟೋಕ್ಯಾರಿಯನ್ ಅನ್ನುವ ಪರೋಪಜೀವಿ. ಮೀನಿನ ಚರ್ಮದೊಳಗೆ ಮೂರರಿಂದ ಏಳು ದಿನ ತಿಂದು, ಕೆಳಗೆ ಉದುರಿ, ಕಲ್ಲು ಮರಳಿಗೆ ಅಂಟಿ ಗೂಡು ಕಟ್ಟುತ್ತದೆ. ಗೂಡಿನೊಳಗೆ ನೂರಾರು ಮರಿ. ಕೆಲವು ಗೂಡು ಒಂದು ವಾರದೊಳಗೆ ಒಡೆಯುತ್ತವೆ, ಇನ್ನು ಕೆಲವು ಒಂದು ತಿಂಗಳು ಮೀರಿ ಕಾಯುತ್ತವೆ. ಹಾಗಾಗಿ ಚುಕ್ಕೆ ಹೋದದ್ದು ನೋಡಿ ಖುಷಿಯಾಗಿ ಇನ್ನೆರಡು ಮೀನು ತರುತ್ತಾರೆ, ಮುಂದಿನ ವಾರ ಹತ್ತು ಪಟ್ಟು ಚುಕ್ಕೆ.

ಎಲ್ಲ ಮೀನನ್ನೂ, ಚುಕ್ಕೆ ಇಲ್ಲದವನ್ನೂ, ಬೇರೆ ಖಾಲಿ ಟ್ಯಾಂಕಿಗೆ ಹಾಕಿ. ಅಲ್ಲಿ ತಾಮ್ರದ ಔಷಧ ಹಾಕಬಹುದು. ನೇರ ತಾಮ್ರವಾದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ, ಟೆಸ್ಟ್ ಕಿಟ್ ಇಲ್ಲದೆ ಮುಟ್ಟಲೇಬೇಡಿ, ಬೇರೆ ಬಗೆಯ ತಾಮ್ರಕ್ಕೆ ಬಾಟಲಿಯ ಮೇಲಿನ ಅಳತೆಯೇ ಅಳತೆ. ಇಲ್ಲವೇ ಉಪ್ಪನ್ನು ನಿಧಾನ ಇಳಿಸಿ ಸಾಂದ್ರತೆ 1.009ಕ್ಕೆ ತಂದು ಕೆಲವು ವಾರ ಇಡಬಹುದು. ದೊಡ್ಡ ಟ್ಯಾಂಕಿನಲ್ಲಿ ಒಂದೂ ಮೀನಿಲ್ಲದೆ 76 ದಿನ ಬಿಡುವುದು ಈಗಿನ ವಾಡಿಕೆ. ಗೂಡಿನಿಂದ ಬಂದ ಮರಿಗೆ ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತದೆ. ಸಿಗಡಿ, ಏಡಿ ದೊಡ್ಡ ಟ್ಯಾಂಕಿನಲ್ಲೇ ಇರಬಹುದು.

ಬೆಳ್ಳುಳ್ಳಿ ರಸ, ಅರಿಶಿನ, ಬೇವು ಹಾಕಿ ಗುಣ ಮಾಡಿದೆವು ಅನ್ನುವವರು ಸಿಗುತ್ತಾರೆ. ಅವರು ನೋಡಿದ್ದು ಆ ನಾಲ್ಕು ದಿನದ ವಿರಾಮ.

ಚುಕ್ಕೆ ಇನ್ನೂ ಸಣ್ಣಗೆ, ಹಿಟ್ಟು ಚಿಮುಕಿಸಿದಷ್ಟು ನುಣ್ಣಗಿದ್ದು, ಮೀನು ಏದುಸಿರು ಬಿಡುತ್ತಿದ್ದರೆ ಅದು ವೆಲ್ವೆಟ್ ರೋಗ ಇರಬಹುದು. ಅದಕ್ಕೆ ನಾಳೆವರೆಗೆ ಕಾಯಬೇಡಿ.

ಗಾಜಿನ ಮೇಲೆ ಕಂದು ಧೂಳು, ಮರಳಿನ ಮೇಲೆ ಕೆಂಪು ಲೋಳೆ.

ಕಂದು ಧೂಳು ಡಯಾಟಮ್, ಹೊಸ ಟ್ಯಾಂಕಿಗೆಲ್ಲ ಬರುತ್ತದೆ, ಸಿಲಿಕೇಟ್ ಮುಗಿದ ಮೇಲೆ ಹೋಗುತ್ತದೆ. ಸುಮ್ನೆ ಬಿಡಿ. ಕೆಂಪು ಲೋಳೆ ಸಯನೋಬ್ಯಾಕ್ಟೀರಿಯಾ. ಆಹಾರ ಕಡಿಮೆ ಮಾಡಿ, ಪೈಪಿನಿಂದ ಎಳೆದು ತೆಗೆಯಿರಿ, ನೀರಿನ ಹರಿವು ಜಾಸ್ತಿ ಮಾಡಿ.

ದಂಡೆಯ ಮರಳು, ಮನೆ ಕಟ್ಟಿ ಉಳಿದ ಚಿರೆಕಲ್ಲು, ಎಲ್ಲೋ ಸಿಕ್ಕ ಹವಳದ ತುಂಡು ಹಾಕಬಹುದಾ?

ಮೂರೂ ಬೇಡ. ನಮ್ಮ ದಂಡೆಯ ಮರಳಿನಲ್ಲಿ ಸಿಲಿಕಾ ಜಾಸ್ತಿ, ಜೊತೆಗೆ ಕಪ್ಪು ಖನಿಜದ ಕಣ ಇರುತ್ತದೆ. ಒಂದು ಆಯಸ್ಕಾಂತ ಆಡಿಸಿ ನೋಡಿ, ಕಪ್ಪು ಮೀಸೆ ಬಂದ ಹಾಗೆ ಅಂಟಿಕೊಳ್ಳುತ್ತದೆ. ಗಾಜು ಒರೆಸುವ ಮ್ಯಾಗ್ನೆಟ್ಟಿಗೂ ಅದೇ ಅಂಟಿ, ಗಾಜಿನ ಮೇಲೆ ಅಡ್ಡಡ್ಡ ಗೀರು. ಅದಲ್ಲದೆ ದಂಡೆಯ ಮರಳು ತೆಗೆಯಲು ಕಾನೂನಿನ ತಡೆಯೂ ಇದೆ. ಅಂಗಡಿಯಲ್ಲಿ ಸಿಗುವ ಅರಗೊನೈಟ್ ಅನ್ನುವ ಸುಣ್ಣದಂಶದ ಮರಳು ಕೊಳ್ಳಿ. ಚಿರೆಕಲ್ಲು ಕಬ್ಬಿಣ ಬಿಡುತ್ತದೆ, ಪುಡಿಯಾಗುತ್ತದೆ.

ಹವಳದ ವಿಷಯ ಗಂಭೀರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಗಟ್ಟಿ ಹವಳ, ಸಮುದ್ರ ಬೀಸಣಿಗೆ, ಸಮುದ್ರ ಕುದುರೆ, ಸಮುದ್ರ ಸೌತೆ ಎಲ್ಲ ಸಂರಕ್ಷಿತ. ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದವರು ನೆನಪಿಗೆ ಅಂತ ಒಂದು ತುಂಡು ಜೇಬಿಗೆ ಹಾಕಿಕೊಂಡರೂ ಅಪರಾಧ. ಸತ್ತ ಹವಳ ತಾನೇ ಅನ್ನುವ ಮಾತು ನಡೆಯುವುದಿಲ್ಲ.

ಇಳಿತದಲ್ಲಿ ಕಲ್ಲಿನ ಹೊಂಡದಲ್ಲಿ ಚಂದದ ಮರಿ ಮೀನು ಸಿಕ್ಕಿತು. ಸಾಕಬಹುದಾ?

ಪಟ್ಟೆಪಟ್ಟೆ ಡ್ಯಾಮ್ಸೆಲ್ ಮರಿ ಇರಬಹುದು. ಗಟ್ಟಿ ಮೀನು, ಬದುಕುತ್ತದೆ. ಆದರೆ ಬೆಳೆದ ಮೇಲೆ ರೌಡಿ, ಉಳಿದವರನ್ನು ಮೂಲೆಗೆ ಅಟ್ಟುತ್ತದೆ. ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಮೀನು ಈಗ ನಮ್ಮ ದೇಶದಲ್ಲೇ ಸಿಗುತ್ತದೆ, ಸಿಎಂಎಫ್‌ಆರ್‌ಐನವರು (ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ಅದರ ಮರಿ ಮಾಡುವ ಕ್ರಮ ಕಂಡುಕೊಂಡಿದ್ದಾರೆ. ಮೊದಲ ಟ್ಯಾಂಕಿಗೆ ಅದೇ ಸಾಕು.

ಹೊಂಡಕ್ಕೆ ಬರಿಗೈ ಹಾಕಬೇಡಿ. ಕಲ್ಲು ಮೀನು, ಸಿಂಹ ಮೀನು, ಗುಂಪಾಗಿ ಓಡಾಡುವ ಪಟ್ಟೆಯ ಬೆಕ್ಕು ಮೀನು ಎಲ್ಲಕ್ಕೂ ವಿಷದ ಮುಳ್ಳಿದೆ. ಶಂಕುವಿನ ಆಕಾರದ ಚೆಂದದ ಚಿಪ್ಪಿನೊಳಗೆ ಜೀವಂತ ಹುಳು ಇದ್ದರೆ ಮುಟ್ಟಲೇಬೇಡಿ. ಮೀನಿನ ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ, 40ರಿಂದ 45 ಡಿಗ್ರಿ, ಅರ್ಧ ತಾಸಿನಿಂದ ಒಂದೂವರೆ ತಾಸು ಅದ್ದಿಡಿ, ನೋವು ಇಳಿಯುತ್ತದೆ. ಆಸ್ಪತ್ರೆಗೆ ಹೋಗುವುದನ್ನು ಮಾತ್ರ ಬಿಡಬೇಡಿ.

ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸಾಧನ) ಒಂದು ದಿನ ನೊರೆಯೇ ಇಲ್ಲ, ಇನ್ನೊಂದು ದಿನ ಉಕ್ಕಿ ಹರಿಯುತ್ತೆ.

ನೊರೆ ಇಲ್ಲದ ದಿನ ಯಾರ ಕೈಗೆ ಕೊಬ್ಬರಿ ಎಣ್ಣೆ ಇತ್ತು ಅಂತ ನೋಡಿ. ತಲೆಗೆ ಎಣ್ಣೆ ಹಚ್ಚಿಕೊಂಡ ಕೈ, ಬಂಗಡೆ ಹುರಿದ ಕೈ. ಉಕ್ಕುವ ದಿನ ಏನೋ ಔಷಧ ಅಥವಾ ಸೋಪು ಸೇರಿರುತ್ತದೆ. ನೊರೆ ಸೇರುವ ಕಪ್ ಅನ್ನು ಸೋಪಿನಲ್ಲಿ ತೊಳೆಯಬೇಡಿ, ಬಿಸಿ ನೀರು ಸಾಕು.

ಬೆಳಗ್ಗೆ ಎದ್ದರೆ ಮೀನು ನೆಲದ ಮೇಲೆ ಒಣಗಿ ಬಿದ್ದಿತ್ತು.

ಗೋಬಿ, ರ‍್ಯಾಸ್ ಜಾತಿಯವು ಹಾರುತ್ತವೆ. ಲೈಟ್ ಒಮ್ಮೆಲೇ ಆರಿದರೆ ಇನ್ನೂ ಜಾಸ್ತಿ. ಸಣ್ಣ ಕಣ್ಣಿನ ಬಲೆ ಬಿಗಿದು ಮುಚ್ಚಿ, ಬೆಕ್ಕಿಗೂ ಅದೇ ಮದ್ದು.

ಮಾರಿಕಾಂಬಾ ಜಾತ್ರೆಗೆ ಅಂತ ಎಲ್ಲರೂ ಶಿರಸಿಗೆ ಹೋಗಿದ್ವಿ. ಪಕ್ಕದ ಮನೆಯವರಿಗೆ ಆಹಾರ ಹಾಕಲು ಹೇಳಿದ್ವಿ. ಬಂದು ನೋಡಿದರೆ ನೀರು ಹಾಲು.

ಪ್ರೀತಿಯಿಂದ ಹಾಕಿರುತ್ತಾರೆ. ಮನೆಗೆ ಬಂದವರಿಗೆ ಇನ್ನೊಂದು ಬಡಿಸಿ ಅಭ್ಯಾಸ ಇರುವ ಊರಲ್ಲವಾ ನಮ್ಮದು. ಉಳಿದ ಆಹಾರ ಕೊಳೆತು ಬ್ಯಾಕ್ಟೀರಿಯಾ ಹೆಚ್ಚಿದರೆ ನೀರು ಬೆಳ್ಳಗಾಗುತ್ತದೆ, ಆಮ್ಲಜನಕ ಇಳಿಯುತ್ತದೆ. ಮೊದಲು ಗಾಳಿ ಜೋರಾಗಿ ಬಿಡಿ, ತಳದ ಕೊಳೆ ಎಳೆಯಿರಿ, ಕಾಲು ಭಾಗ ನೀರು ಬದಲಿಸಿ, ಎರಡು ದಿನ ಉಪವಾಸ. ಮುಂದಿನ ಸಲ ದಿನಕ್ಕೊಂದು ಚಿಟಿಕೆಯ ಪೊಟ್ಟಣ ಕಟ್ಟಿ ತಾರೀಕು ಬರೆದು ಕೊಡಿ, ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಮೂರು ನಾಲ್ಕು ದಿನವಾದರೆ ಆಹಾರವೇ ಬೇಡ, ದೊಡ್ಡ ಮೀನು ತಡೆದುಕೊಳ್ಳುತ್ತವೆ. ಸಿಹಿನೀರು ತುಂಬಿಸುವುದನ್ನು ಮಾತ್ರ ಹೇಳಿಕೊಟ್ಟು ಹೋಗಿ.

ಸಾಕಾಗಿದೆ. ಮೀನನ್ನು ಸಮುದ್ರಕ್ಕೇ ಬಿಟ್ಟುಬಿಡಲಾ?

ಬೇಡ. ಅಂಗಡಿಯ ಮೀನು ಯಾವ ದೇಶದ್ದೋ, ಮೈಯಲ್ಲಿ ಯಾವ ರೋಗ ಇದೆಯೋ. 1985ರಲ್ಲಿ ಫ್ಲೋರಿಡಾ ಹತ್ತಿರ ಮೊದಲು ಕಂಡ ಸಿಂಹ ಮೀನು ಈಗ ಅಟ್ಲಾಂಟಿಕ್‌ನ ಆ ಭಾಗದ ತುಂಬಾ ಇದೆ, ಅಕ್ವೇರಿಯಂನಿಂದಲೇ ಹೋದದ್ದು ಅಂತ ಹೇಳುತ್ತಾರೆ. 1984ರಲ್ಲಿ ಮೊನಾಕೊದ ಅಕ್ವೇರಿಯಂ ಎದುರು ಒಂದು ಚಾಪೆಯಷ್ಟು ಜಾಗದಲ್ಲಿ ಕಂಡ ಕೌಲೆರ್ಪಾ ಪಾಚಿ ಮೆಡಿಟರೇನಿಯನ್‌ನಲ್ಲಿ ಎಷ್ಟೋ ದೂರ ಹಬ್ಬಿತು. ಬೇರೆ ಸಾಕುವವರಿಗೆ ಕೊಡಿ, ಸುಮ್ಮನೆ ಕೊಟ್ಟರೂ ಪರವಾಗಿಲ್ಲ. ಯಾರೂ ಸಿಗದಿದ್ದರೆ ಮಾರಿದ ಅಂಗಡಿಯವರನ್ನು ಕೇಳಿ, ಕೆಲವರು ವಾಪಸ್ ತೆಗೆದುಕೊಳ್ಳುತ್ತಾರೆ.

ನೀರಿಗೂ ಇದೇ ಮಾತು. ಹೊಳೆಗೆ, ಸಮುದ್ರಕ್ಕೆ ಸುರಿಯಬೇಡಿ. ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ ಒಂದು ದಿನ ಇಟ್ಟು ಬಚ್ಚಲಿಗೆ ಬಿಡಿ. ಬಚ್ಚಲ ನೀರು ತೋಟಕ್ಕೆ ಹೋಗುವ ಮನೆಯಾದರೆ ಕಾಲುವೆ ತಿರುಗಿಸಿಕೊಳ್ಳಿ, ಅಡಿಕೆ ಬುಡಕ್ಕೆ ಆ ಉಪ್ಪು ಹೋಗಬಾರದು.